ದೊಡ್ಡಮ್ಮನ ಮದುವೆಯ ವಿಪಿಲ್

ಫ್ಲೋರಿಂದಾ ನನ್ನ ದೊಡ್ಡಮ್ಮ ತೊಮಾಸಾಳ ಒಬ್ಬಳೇ ಮಗಳು. ಹರೆಯದಲ್ಲೇ ಒಬ್ಬ ಡಚ್ಚನನ್ನು ಕಟ್ಟಿಕೊಂಡು ರೋಟರ್‌ಡ್ಯಾಮಿಗೆ ಹೋದಳು. ಆಮೇಲೆ ಅವನನ್ನು ಬಿಟ್ಟಳು, ಆ ಊರನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಳು. ಇಲ್ಲಿದ್ದಾಗ ಜೋಳ ರುಬ್ಬು ಎಂದರೆ ತಲೆನೋವು ಎಂದು ಮಲಗುತ್ತಿದ್ದವಳು ಅಲ್ಲಿ ರುಬ್ಬುವ ಕಲ್ಲಿನ ಮುಂದೆ ಕಣ್ಣೀರಿಡುವ ಕಲಾವಿದೆಯಾದಳು.

ಅವಳ ಕಲೆಯೆಂದರೆ ಒಂದು ದೊಡ್ಡ ಕೋಣೆಯ ತುಂಬ ನಮ್ಮ ಮನೆಯ ಸಾಮಾನು ತೂಗುಹಾಕುವುದು, ಗೋಡೆಗೆ ವಿಡಿಯೊ ಬಿಡುವುದು, ಮೂಲೆಯಲ್ಲಿ ನಮ್ಮೂರ ನಾಯಿ ಬೊಗಳುವ ಸದ್ದು ಕೇಳಿಸುವುದು. ತಾನು ಯಾರು, ಎಲ್ಲಿಯವಳು ಎಂದು ಹುಡುಕುತ್ತಿದ್ದಾಳಂತೆ. ಹುಡುಕುವುದೇನು ಬಂತು, ಕೇಳಿದ್ದರೆ ನಾವೇ ಹೇಳುತ್ತಿದ್ದೆವು. ಬಂದಾಗಲೆಲ್ಲ ಒಡೆದ ಕಾವಲಿ, ತಾತನ ಟೋಪಿ, ಅಂಗಳದ ಮಣ್ಣು ಕಟ್ಟಿಕೊಂಡು ಹೋಗುವಳು. ಇವಳಿಂದ ನಮ್ಮ ತಿಪ್ಪೆ ಚೊಕ್ಕಟವಾಯಿತು ಎಂದು ನಾವು ನಗುತ್ತಿದ್ದೆವು. ದೊಡ್ಡಮ್ಮ ಮಾತ್ರ, ಮಗಳು ಏನನ್ನೂ ಮರೆತಿಲ್ಲ ಎಂದು ಬೀಗುತ್ತಿದ್ದಳು.

ಒಂದು ಸಲ ದೊಡ್ಡಮ್ಮನ ಪೆಟ್ಟಿಗೆಯಲ್ಲಿದ್ದ ಮದುವೆಯ ವಿಪಿಲ್ ಅವಳ ಕಣ್ಣಿಗೆ ಬಿತ್ತು. ನಮ್ಮಲ್ಲಿ ಆ ಮೇಲಂಗಿಯನ್ನು ಹೆಣ್ಣು ತಾನೇ ನೇಯ್ದು, ಮದುವೆಯ ದಿನ ತೊಟ್ಟು ಎತ್ತಿಡುತ್ತಾಳೆ. ಇನ್ನೊಮ್ಮೆ ತೊಡುವುದು ಹೆಣವಾದಾಗ. ಎದೆಯ ಮೇಲೆ ಅವಳು ನೇಯ್ದ ತನ್ನದೇ ಗುರುತಿನ ಹಕ್ಕಿಯನ್ನು ನೋಡಿಯೇ, ಸತ್ತು ಆ ಕಡೆ ಸೇರಿದ ಹಿರಿಯರು ತಮ್ಮವಳೆಂದು ಕರೆದುಕೊಳ್ಳುವುದು. ಫ್ಲೋರಿಂದಾ ಅದನ್ನು ತನ್ನ ಪ್ರದರ್ಶನಕ್ಕೆ ಬೇಕೆಂದು ಕೇಳಿದಳು. ದೊಡ್ಡಮ್ಮ ಅದನ್ನು ಬಿಚ್ಚಿ, ಮತ್ತೆ ಮಡಿಸಿ, ಕೊನೆಗೆ ಕೊಟ್ಟಳು.

"ನೋಡೋರು ನೋಡ್ಲಿ. ನಾನು ಹೋಗೋಷ್ಟರಲ್ಲಿ ತಂದ್ಕೊಟ್ಬಿಡು ಮಗಳೇ. ಅದಿಲ್ದೆ ಹೋದ್ರೆ ನಮ್ಮಮ್ಮ ನನ್ನ ಒಳಗೆ ಸೇರಿಸಲ್ಲ."

ಜೋಪಾನ ಮಾಡುತ್ತೇನೆಂದು ಮಗಳು ಅಪ್ಪಿಕೊಂಡಳು.

ದೊಡ್ಡಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಹಾಸಿಗೆ ಹಿಡಿದಾಗ ನಾನೇ ಫೋನ್ ಮಾಡಿದೆ. ವಿಪಿಲ್ ತಗೊಂಡು ಬಾ ಎಂದೆ. ಫ್ಲೋರಿಂದಾ ಬಂದಳು. ತಂದದ್ದು ಒಂದು ದೊಡ್ಡ ಫೋಟೋ.

ವಿಪಿಲನ್ನು ಚೂರುಚೂರು ಕತ್ತರಿಸಿ, ತನ್ನ ಹಳೆಯ ಪಾಸ್‌ಪೋರ್ಟಿನ ಹಾಳೆಗಳ ಜೊತೆ ಗಾಜಿನಂಥ ಅಂಟಿನಲ್ಲಿ ಹುಗಿದಿದ್ದಳು. ಅಮ್ಮನ ಹಾಸಿಗೆಯ ಮೇಲೆ ಕೂತು, ತನ್ನ ಬದುಕೂ ಹೀಗೇ ಚೂರಾಗಿದೆ, ನೋಡಿದ ಜನ ಅತ್ತರು ಎಂದು ವಿವರಿಸಿದಳು. "ನಾನು ಹಾಳು ಮಾಡಿಲ್ಲ ಅಮ್ಮಾ. ಅದಕ್ಕೆ ಹೊಸ ಜೀವ ಕೊಟ್ಟಿದ್ದೀನಿ" ಎಂದಳು. ನನಗೆ ಕೆನ್ನೆಗೆ ಬಾರಿಸಬೇಕೆನಿಸಿತು.

ದೊಡ್ಡಮ್ಮ ಫೋಟೋದ ಮೇಲೆ ಬೆರಳಾಡಿಸಿದಳು. ಹಕ್ಕಿಯ ತಲೆ ಒಂದು ಚೂರಿನಲ್ಲಿತ್ತು, ಬಾಲ ಇನ್ನೊಂದರಲ್ಲಿ. ಮತ್ತೆ ಕೂಡಿಸಿ ಹೊಲಿಯಲು ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ, ಈಗ ಅದು ಅಲ್ಲಿನ ಮ್ಯೂಸಿಯಮ್ಮಿನದು ಎಂದಳು ಮಗಳು.

ಸಂಜೆ ಫ್ಲೋರಿಂದಾ ಅಡಿಗೆಮನೆಗೆ ಬಂದು, ಅಮ್ಮನಿಗೆ ತೊಡಿಸಲು ನಿನ್ನ ವಿಪಿಲನ್ನಾದರೂ ಕೊಡು ಎಂದು ನನ್ನನ್ನು ಅಂಗಲಾಚಿದಳು.

"ನಂದು ಕೊಟ್ರೆ ನನ್ನ ಜನ ದೊಡ್ಡಮ್ಮನ್ನ ಕರ್ಕೊಂಡು ಹೋಗ್ತಾರೆ, ನಾನು ಬೀದೀಲಿ ನಿಲ್ತೀನಿ. ಬೇಕಾದ್ರೆ ಆ ಫೋಟೋನೇ ಹೊದಿಸು" ಅಂದೆ. ಹಾಗಂದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಮರುದಿನ ಬೆಳಿಗ್ಗೆ ಫ್ಲೋರಿಂದಾ ಗಂಜಿ ತಂದಾಗ ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಎಲೋದಿಯಾ, ಇವರು ಯಾರೇ?"

ಬುದ್ಧಿ ಮಂಕಾಯಿತೆಂದುಕೊಂಡೆ. ಆದರೆ ಅದೇ ಉಸಿರಿನಲ್ಲಿ, ಮೊಟ್ಟೆಯಿಡುವ ಕೋಳಿಯನ್ನು ಅಡಿಗೆಗೆ ಕೊಯ್ಯಬೇಡ, ಕುಂಟು ಹುಂಜವನ್ನು ಕೊಯ್ಯಿ ಎಂದಳು. ಬುದ್ಧಿ ನೆಟ್ಟಗೇ ಇತ್ತು. ಫ್ಲೋರಿಂದಾ ಮಂಡಿಯೂರಿ, ನಾನು ನಿನ್ನ ಮಗಳಮ್ಮಾ ಎಂದು ಅಳತೊಡಗಿದಳು.

ದೊಡ್ಡಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಅಲ್ಲಿ ನಮ್ಮಮ್ಮ ನನ್ನ ಗುರುತು ಹಿಡಿಯಲ್ಲ. ಇಲ್ಲಿ ನಾನು ನಿಮ್ಮ ಗುರುತು ಹಿಡಿಯಲ್ಲ. ದೂರದಿಂದ ಬಂದಿದ್ದೀರಿ, ಮೇಲೆ ಕೂತ್ಕೊಳ್ಳಿ."

ಉಸಿರು ನಿಲ್ಲುವವರೆಗೂ ಹೆತ್ತ ಮಗಳನ್ನು ಬಹುವಚನದಲ್ಲೇ ಮಾತಾಡಿಸಿದಳು. ಹೊತ್ತಿಗೆ ಸರಿಯಾಗಿ ಊಟ ಆಯಿತೇ ಎಂದು ವಿಚಾರಿಸುವಳು. ಬೈದಿದ್ದರೆ ಫ್ಲೋರಿಂದಾ ತಡೆದುಕೊಳ್ಳುತ್ತಿದ್ದಳೋ ಏನೋ. ಅಮ್ಮನ ಹೆಣಕ್ಕೆ ಸ್ನಾನ ಮಾಡಿಸುವುದು ನಮ್ಮಲ್ಲಿ ಮಗಳ ಹಕ್ಕು. ಹೊರಗಿನವರು ಮುಟ್ಟಬಾರದೆಂದು ದೊಡ್ಡಮ್ಮ ಮೊದಲೇ ಹೇಳಿಬಿಟ್ಟಿದ್ದಳು. ನಾನೇ ತೊಳೆದು, ಮನೆಯಲ್ಲಿ ತೊಡುತ್ತಿದ್ದ ಮಾಸಿದ ಅಂಗಿ ತೊಡಿಸಿದೆ. ಎದೆಯ ಮೇಲೆ ಬರೀ ಎರಡು ಗುಂಡಿಗಳಿದ್ದವು.

ಮಣ್ಣು ಮಾಡಿ ಬಂದಮೇಲೆ ಊಟ. ಮನೆಯವರು ಬಡಿಸುತ್ತಾರೆ, ನೆಂಟರು ಕೂರುತ್ತಾರೆ. ಫ್ಲೋರಿಂದಾ ಸೌಟು ಹಿಡಿಯಲು ಬಂದಳು. ನಾನು ಅವಳ ಕೈಯಿಂದ ಸೌಟು ತೆಗೆದುಕೊಂಡು, ಬೆಂಚಿನ ಮೇಲೆ ಜಾಗ ತೋರಿಸಿ, ಮೊದಲು ಅವಳ ತಟ್ಟೆಗೇ ಬಡಿಸಿದೆ.