ಸಾಲ್ಮಿಯಾದಲ್ಲಿ ಲಿಫ್ಟು ನಿಂತ ದಿನ

ಗಡಿಯಾಚೆ ಇರಾಕಿನಲ್ಲಿ ಯುದ್ಧ ಶುರುವಾದ ಮರುವರ್ಷ, ಕೊಲ್ಲಿ ದೇಶದ ಸಾಲ್ಮಿಯಾ ಪಟ್ಟಣದಲ್ಲಿದ್ದ ನಮ್ಮ ಕಟ್ಟಡದ ಲಿಫ್ಟಿನ ಪಕ್ಕ ಒಂದು ನೋಟಿಸು ಅಂಟಿಸಿದರು: ಮನೆಗೆಲಸದವರು ಮೆಟ್ಟಿಲಲ್ಲೇ ಹೋಗಬೇಕು. ಬೆಳ್ಳಗಿದ್ದ ಆಯಾಗಳನ್ನು ಮಾತ್ರ ಯಾರೂ ತಡೆಯುತ್ತಿರಲಿಲ್ಲ. ತಡೆಯುತ್ತಿದ್ದದ್ದು ಕಪ್ಪು ಹೆಂಗಸರನ್ನು.

ಎಂಟನೇ ಮಹಡಿಯ ಮನೆಯೊಂದರಲ್ಲಿ ಇಥಿಯೋಪಿಯಾದ ಹುಡುಗಿ ಕೆಲಸಕ್ಕಿದ್ದಳು. ಎರಡೂ ಕೈಯಲ್ಲಿ ಸಾಮಾನಿನ ಚೀಲ ಹಿಡಿದು, ಆ ಸೆಕೆಯಲ್ಲಿ ಅಷ್ಟೂ ಮೆಟ್ಟಿಲು ಹತ್ತುತ್ತಿದ್ದಳು. ಒಂದು ಬೆಳಿಗ್ಗೆ ನಾನು ಅಂಗಡಿಯಿಂದ ಬಂದಾಗ ಅವಳು ಲಿಫ್ಟಿನೊಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಹೊರಗೆ ನಮ್ಮ ಬೆಂಗಳೂರಿನವರೇ ಆದ ಎಂಜಿನಿಯರೊಬ್ಬರು ಕೂಗಾಡುತ್ತಿದ್ದರು. ಅವಳು ತಿರುಗಿ ಬೈಯಲಿಲ್ಲ. "ನೋ ಸರ್, ಐ ಸ್ಟೇ," ಎಂದಳು ಅಷ್ಟೆ.

ಬಾಂಗ್ಲಾದೇಶದ ಕಾವಲುಗಾರನಿಗೆ ಅವಳನ್ನು ಮುಟ್ಟಿ ಎಳೆಯಲು ಮನಸ್ಸು ಬರಲಿಲ್ಲ. "ಮ್ಯಾನೇಜರ್ ಬೋಲಾ ಹೈ ಮೇಡಂ, ಮೈ ಕ್ಯಾ ಕರೂಂ?" ಕಟ್ಟಡದ ಮ್ಯಾನೇಜರ ಅಪ್ಪಣೆ, ತಾನೇನು ಮಾಡಲಿ ಎಂದು ನನ್ನ ಮುಖ ನೋಡಿ, ಹೋಗಿ ಸ್ವಿಚ್ಚು ಆರಿಸಿದ. ಲಿಫ್ಟಿನ ದೀಪ ಆರಿತು, ಫ್ಯಾನು ನಿಂತಿತು. ಅವಳು ಕದಲಲಿಲ್ಲ.

ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ಬ್ಯಾರಿ ಅಕ್ಕ ಬಂದರು. "ಎಂತ ಆಯ್ತು?" ಎಂದವರು, ನಾನು ಹೇಳಿ ಮುಗಿಸುವ ಮೊದಲೇ ಒಳಗೆ ಹೋಗಿ ಅವಳ ಪಕ್ಕ ನಿಂತರು. "ನೀವೂ ಬನ್ನಿ ಮಾರಾಯ್ರೆ. ಜಗಳ ಎಂತದೂ ಬೇಡ, ಸುಮ್ಮನೆ ನಿಲ್ಲುವ."

ನಾನೂ ಹೋದೆ.

"ಮೇಡಂ, ಓದಿದವರು ನೀವು," ಎಂದರು ಎಂಜಿನಿಯರು. "ಇವರಿಗೆಲ್ಲ ಸಲಿಗೆ ಕೊಟ್ರೆ ನಾಳೆ ತಲೆ ಮೇಲೆ ಕೂತ್ಕೋತಾರೆ."

"ಅವಳು ಕೂತಿಲ್ಲ ಸಾರ್, ನಿಂತಿದಾಳೆ," ಎಂದೆ. ಗಂಡನ ಕೆಲಸ, ನಮ್ಮ ವಾಸದ ಪರವಾನಗಿಯಾದ ಇಕಾಮಾ ಎಲ್ಲ ನೆನಪಾದವು, ಆದರೂ ಹೊರಗೆ ಬರಲಿಲ್ಲ.

ಇಡೀ ಕಟ್ಟಡ ಅಂದು ಮೆಟ್ಟಿಲು ಹತ್ತಿತು. ಕೆಲವರು ಗೊಣಗಿದರು. ಒಬ್ಬ ಮುದುಕಿ ನಮಗೆ ನೀರು ಕೊಟ್ಟು ಹೋದಳು. ಮಧ್ಯಾಹ್ನ ಮ್ಯಾನೇಜರ್ ಬಂದು, ಬೆವರೊರೆಸಿಕೊಂಡು, "ಖಲಾಸ್, ಯಲ್ಲಾ," ಸಾಕು ನಡೆಯಿರಿ ಎಂದು ಸ್ವಿಚ್ಚು ಹಾಕಿಸಿದ. ಮೂವರೂ ಮೇಲೆ ಹೋದೆವು. ಎಂಟನೇ ಮಹಡಿಯಲ್ಲಿ ಅವಳ ಯಜಮಾನಿ ಬಾಗಿಲಲ್ಲೇ ಕಾಯುತ್ತಿದ್ದಳು. ಹುಡುಗಿ ಒಳಗೆ ಹೋದಳು, ಬಾಗಿಲು ಮುಚ್ಚಿತು.

ಕೆಲವೇ ದಿನಗಳಲ್ಲಿ ನೋಟಿಸು ಕಾಣೆಯಾಯಿತು. ಅವಳೂ ಕಾಣಲಿಲ್ಲ. ಅವಳನ್ನು ಕರೆತಂದ ಏಜೆನ್ಸಿಗೇ ಮನೆಯವರು ವಾಪಸು ಬಿಟ್ಟುಬಂದರೆಂದು ಕಾವಲುಗಾರ ಹೇಳಿದ. ಅಕ್ಕ ನೇರವಾಗಿ ಆ ಮನೆಗೆ ಹೋಗಿ ಕೇಳಿದರು. "ಅವಳೇ ಹೋಗ್ತೇನೆ ಅಂದಳಂತೆ. ಸುಳ್ಳು!" ಎಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತರು. ಏಜೆನ್ಸಿಗೆ ಫೋನು ಮಾಡಿದೆವು. ಅವಳ ಹೆಸರು ಹೇಳುತ್ತಿದ್ದಂತೆ ಕಟ್ ಮಾಡಿದರು.

ಆಮೇಲೆ ಆ ಮನೆಗೆ ಇನ್ನೊಬ್ಬಳು ಬಂದಳು, ಅವಳ ದೇಶದವಳೇ. ಲಿಫ್ಟಿನಲ್ಲೇ ಓಡಾಡುತ್ತಿದ್ದಳು, ಯಾರೂ ತಡೆಯಲಿಲ್ಲ. ಎಂಜಿನಿಯರು ಎಂದಿನಂತೆ ನನಗೆ ನಮಸ್ಕಾರ ಹೇಳುತ್ತಿದ್ದರು. ಅಕ್ಕನಿಗಾಗಲಿ ನನಗಾಗಲಿ ಏನೂ ಆಗಲಿಲ್ಲ. ಆ ಹುಡುಗಿ ಎಲ್ಲಿಗೆ ಹೋದಳೆಂಬುದು ಮಾತ್ರ ನಮಗೆ ಕೊನೆಗೂ ತಿಳಿಯಲಿಲ್ಲ.