ಹಂಪಮ್ಮನ ತಲಿ ಅಲುಗಿದ್ದು

ನಮ್ಮ ಮನಿಯವರು, ಮಲ್ಲಿಕಾರ್ಜುನ, ತೆಲುಗು ಸೀಮಿಯ ಉಪ್ಪಲ್‌ದಾಗಿನ ಒಂದು ಕಂಪನ್ಯಾಗ ಏನು ಮಾಡ್ತಾರ ಅಂತ ಕೇಳಿದವರಿಗೆ ನಾ ಹೇಳೂದು ಇಷ್ಟ: ಜನ ಅಲುಗಾಡಿ ಕೆಡಿಸಿದ್ದನ್ನ ಸರಿ ಮಾಡ್ತಾರ. ಎಂಆರ್‌ಐ ಮಷೀನು ಮಿದುಳಿನೊಳಗ ನೀರು ಯಾವ ಕಡೆ ಸರಿದಾಡ್ತೈತಿ ಅಂತ ನೋಡಿ ನರದ ದಾರಿ ಹುಡುಕತೈತಂತ. ಅದಕ್ಕ ಅರವತ್ತು ಫೋಟೊ ಬೇಕು, ಒಂದೊಂದು ಒಂದೊಂದು ದಿಕ್ಕಿಗೆ. ನಡುವ ತಲಿ ಎಳ್ಳಷ್ಟು ಅಲುಗಿದ್ರೂ ದಾರಿ ಅಡ್ಡಾದಿಡ್ಡಿ. ಇವರ ಪ್ರೋಗ್ರಾಂ ಯಾವ ಫೋಟೊದಾಗ ತಲಿ ಎಷ್ಟು ತಿರುಗಿತು ಅಂತ ಹಿಡದು, ಫೋಟೊನೂ ಅದರ ದಿಕ್ಕನ್ನೂ ಹೊಳ್ಳಿ ಜಾಗಾಕ್ಕ ತರತೈತಿ. ಮನ್ಯಾಗ ಮಾತ್ರ ಒಂದು ಕುರ್ಚಿ ಜಾಗಾಕ್ಕ ಇಟ್ಟ ಮನುಷ್ಯಾ ಅಲ್ಲ.

ಊರ ತುಂಬ ಕಂಪನಿಗಳು ನಾಯಿಕೊಡಿ ಎದ್ದಂಗ ಎದ್ದಿದ್ದ ಆ ವರ್ಷ ನಮ್ಮ ಅತ್ತಿ ಹಂಪಮ್ಮಗ ಲಕ್ವಾ ಹೊಡದು ಮಾತು ನಿಂತು ಹೋತು. ಬೇಗಂ ಬಜಾರಿನ ಸಾಹುಕಾರರಿಗೂ ಕನ್ನಡದಾಗ ಬೈದು ಬ್ಯಾಳಿ ತರತಿದ್ದಾಕಿ. ನನಗೇನು ಕಮ್ಮಿ ಬೈದಿಲ್ಲ. ಆ ಬಾಯಿ ಯಾವಾಗ ಮುಚ್ಚೀತೋ ಅಂತಿದ್ದೆ. ಮುಚ್ಚಿದ ಮ್ಯಾಲೆ, ಖರೇ ಹೇಳ್ತೀನಿ, ಒಂದು ಬೈಗಳಕ್ಕ ಹಪಹಪಿಸಾಕತ್ತಿದ್ದೆ.

ಮೊದಲ ವಾರ ದವಾಖಾನ್ಯಾಗ ಎಷ್ಟು ಕರದ್ರೂ ಕಣ್ಣು ಸೈತ ಹೊಳ್ಳಿಸಲಿಲ್ಲ. ಇನ್ನ ಆಕಿಗೆ ಏನೂ ತಿಳಿಯೂದಿಲ್ಲ ಅನಕೊಂಡ್ವಿ. ಉಣಸತಿದ್ವಿ, ಮೈ ಒರಸತಿದ್ವಿ, ಆಕಿ ಮುಂದನ ಆಕಿ ಬಗ್ಗೆ ಮಾತಾಡತಿದ್ವಿ.

ಮೂರು ತಿಂಗಳಾದ ಮ್ಯಾಲೆ ಡಾಕ್ಟರು, ಮಾತಿನ ದಾರಿ ಉಳದೈತೇನು ನೋಡೂಣು ಅಂತ ಆ ಸ್ಕ್ಯಾನ್ ಬರದ್ರು. ದಾರಿ ಇದ್ರ ಮಾತು ಬಂದೀತು. ನಾ ಇದ್ದಬದ್ದ ದೇವರಿಗೆಲ್ಲಾ ಹರಕಿ ಹೊತ್ತೆ. ಸ್ಕ್ಯಾನ್ ಮಾಡೋ ಹುಡುಗಿಗೆ ತೆಲುಗು, ಹಿಂದಿ ಅಷ್ಟ ಬರತಿತ್ತು. ಅವ್ವ ಅಂಜಬಾರದು ಅಂತ ಇವರೇ ಮೈಕ್ ಹಿಡದು, ನಡುನಡುವ ನಾಲ್ಕು ಸಲ ಅಲುಗಾಡಬ್ಯಾಡ ಬೇ ಅಂತ ಹೇಳಿದ್ರು.

ಮರುದಿನ ಆ ಫೋಟೊ ಸರಿ ಮಾಡ್ತೀನಂತ ಆಫೀಸಿಗೆ ಹೋದವರು ಮಧ್ಯಾಹ್ನಕ್ಕ ಮನಿಗೆ ಬಂದ್ರು. ಎಲ್ಲಾ ಸರಿ ಮಾಡಿದ ಮ್ಯಾಲೂ ದಾರಿ ನಡುವ ಕಡದಿತ್ತಂತ. ಮಾತಿನ ಆಸೆ ಬಿಡ್ರಿ ಅಂತ ಡಾಕ್ಟರು ಅಂದ್ರಂತ. ನಾ ಬಾಗಲದಾಗ ಅಳಕೋತ ಕುಂತೆ.

ಇವರು ಅಳಲಿಲ್ಲ. ಒಂದು ಕಾಗದ ತೋರಿಸಿದ್ರು. ತಲಿ ಯಾವಾಗ ಎಷ್ಟು ಅಲುಗಿತು ಅನ್ನೋ ಗೆರಿ ಅದು. ಉದ್ದಕ್ಕೂ ನೆಟ್ಟಗ ಇತ್ತು. ನಾಲ್ಕ ಕಡೆ ಅಷ್ಟ ಕೆಳಗ ಇಳದು ಮ್ಯಾಲೆ ಬಂದಿತ್ತು. ಇವರು ಮೈಕಿನ್ಯಾಗ ಮಾತಾಡಿದ್ದೂ ಅದ ನಾಲ್ಕು ಹೊತ್ತಿನ್ಯಾಗ. ಮಗ ಅಲುಗಾಡಬ್ಯಾಡ ಅಂದಿದ್ದಕ್ಕ ಆಕಿ ಹೂಂ ಅಂತ ಗೋಣು ಹಾಕಿದ್ದಳು. ಎಲಾ ಇವನ, ಫೋಟೊ ಕೆಡಿಸಿದ್ದು ಆಕಿ ಅಲ್ಲ, ಇವರೇ.

ಕಾಗದ ಅಲ್ಲೇ ಬಿಟ್ಟು ಒಳಗ ಹೋದ್ರು. ಅತ್ತಿ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದಳು. ಇವರು ಮಂಚದ ಬಾಜೂ ನೆಲಕ್ಕ ಕುಂತ್ರು.

“ಅವ್ವಾ, ಮನ್ಯಾಗ ಮೂರು ತಿಂಗಳು ನಾ ನಿನ್ನ ಕೂಡ ಒಂದು ಮಾತೂ ಆಡಲಿಲ್ಲ.”

ಅತ್ತಿ ಗೋಣು ಹಾಕಿದಳು.