ರೆಕ್ಕೆಗೆ ಹಚ್ಚಿದ ಅರಿಶಿನ

ಈಗ ನಮ್ಮ ಕಡೆಯ ಮಕ್ಕಳು ತಲೆ ಮೇಲೆ ವಿಮಾನ ಹೋದರೆ ಕತ್ತೆತ್ತಿಯೂ ನೋಡುವುದಿಲ್ಲ. ನಾವು ಹಾಗಲ್ಲ. ಸದ್ದು ಕೇಳಿದರೆ ಸಾಕು, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಅಂಗಳಕ್ಕೆ ಓಡುತ್ತಿದ್ದ ಕಾಲದವರು. ಅಂಥ ಕಾಲದಲ್ಲಿ, ಆನಂದಪುರದ ಮುಚ್ಚಿಹೋದ ಅಕ್ಕಿಗಿರಣಿಯೊಳಗೆ ನಿಂತು ಒಂದು ವಿಮಾನವನ್ನು ಕೈಯಿಂದ ಮುಟ್ಟಿದವಳು ನಾನು. ಮುಟ್ಟಿದ್ದೇನು ಬಂತು, ಅದರ ರೆಕ್ಕೆಗೆ ಬಟ್ಟೆ ಹೊಲಿದವಳು. ಜಂಬ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ಜಂಬ ಪಡುವಂಥದ್ದು ಬದುಕಿನಲ್ಲಿ ಎಷ್ಟು ಸಲ ಸಿಗುತ್ತದೆ ಹೇಳಿ.

ವಿಮಾನ ರಘುಪತಿ ಮೇಷ್ಟ್ರದ್ದು. ಅವರು ಶಾಲೆಯ ಮೇಷ್ಟ್ರಲ್ಲ. ದೂರದ ಊರುಗಳಲ್ಲಿ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸಿ, ನಿವೃತ್ತರಾಗಿ ಊರಿಗೆ ಬಂದವರು. ಏನನ್ನೇ ಕಲಿಸಲಿ, ಕಲಿಸಿದವರೆಲ್ಲ ನಮ್ಮೂರಿಗೆ ಮೇಷ್ಟ್ರೇ. ತಾವು ಕಲಿಸುತ್ತಿದ್ದ ಎರಡು ಸೀಟಿನ ಹಳೇ ವಿಮಾನವನ್ನು ಅಲ್ಲಿನ ಫ್ಲೈಯಿಂಗ್ ಕ್ಲಬ್ಬಿನವರು ಗುಜರಿಗೆ ಹಾಕುತ್ತಾರೆ ಎಂದು ಗೊತ್ತಾದಾಗ, ತಾವೇ ಕೊಂಡು, ಬಿಡಿಬಿಡಿ ಮಾಡಿ ಲಾರಿಯಲ್ಲಿ ಹೇರಿಕೊಂಡು ಬಂದು ಗಿರಣಿಯಲ್ಲಿ ಇಟ್ಟುಕೊಂಡರು. ರಿಪೇರಿ ಮಾಡುವ ಲೈಸೆನ್ಸೂ ಅವರಿಗಿತ್ತು. ಇದಕ್ಕಿಂತ ಆನೆ ಸಾಕುವುದು ಸುಲಭ ಎಂದು ಊರವರು ಆಡಿಕೊಂಡರು.

ಆಡಿಕೊಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ವಿಮಾನದ ಸಾಮಾನು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅದನ್ನು ಮಾಡುತ್ತಿದ್ದ ಕಾರ್ಖಾನೆಯೇ ಮುಚ್ಚಿ ಯಾವುದೋ ಕಾಲವಾಗಿತ್ತು. ಬಾಲದ ಪುಟ್ಟ ಗಾಲಿಯ ರಬ್ಬರು ಕೊಯಮತ್ತೂರಿನಿಂದ ಬಂತು. ಇಂಜಿನ್ನಿನ ಒಂದು ಸ್ಪ್ರಿಂಗು ಕಲ್ಕತ್ತದ ಯಾವನೋ ಮುದಿ ಮೆಕ್ಯಾನಿಕ್ಕನ ಡಬ್ಬಿಯೊಳಗೆ ಸಿಕ್ಕಿತು. ಒಡೆದ ಮೀಟರಿಗೆ ಸಾಗರದ ಗಡಿಯಾರ ರಿಪೇರಿಯವನು ಗಾಜು ಕೂರಿಸಿಕೊಟ್ಟ. ಒಂದೊಂದು ಬಂದಾಗಲೂ ಮೇಷ್ಟ್ರು ಅದನ್ನು ಕರ್ಚೀಪಿನಲ್ಲಿ ಕಟ್ಟಿಕೊಂಡು ನಮ್ಮ ಜಗುಲಿಗೆ ಬಂದು ಬಿಚ್ಚಿ ತೋರಿಸುತ್ತಿದ್ದರು. ಅಮ್ಮ ಮೆಷಿನ್ ತುಳಿಯುತ್ತಲೇ, "ಚಂದಾಗದೆ ಮೇಷ್ಟ್ರೇ" ಅನ್ನುತ್ತಿದ್ದಳು.

ಅಮ್ಮ ಸರೋಜ, ಆನಂದಪುರದ ಟೈಲರು. ಹಿಂದೆ ಗೇಣಿಗೆ ಮಾಡುತ್ತಿದ್ದ ಗದ್ದೆ ನಮ್ಮ ಹೆಸರಿಗೇ ಆಗಿತ್ತು, ಆದರೂ ಅಮ್ಮ ಮೆಷಿನ್ ಬಿಟ್ಟಿರಲಿಲ್ಲ. ಅವಳು ಹೊಲಿದ ರವಿಕೆ ಹರಿದೀತು, ಹೊಲಿಗೆ ಬಿಡುವುದಿಲ್ಲ ಎಂಬ ಮಾತಿತ್ತು. ಅಪ್ಪ ಕಾರ್ಗಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸದಲ್ಲಿದ್ದ, ಭಾನುವಾರಕ್ಕೊಮ್ಮೆ ಬರುತ್ತಿದ್ದ.

ನನ್ನ ಆರನೇ ಕ್ಲಾಸಿನ ಪರೀಕ್ಷೆ ಮುಗಿದ ವಾರ ಮೇಷ್ಟ್ರು ಕೈಯಲ್ಲಿ ಏನೂ ಇಲ್ಲದೆ ಬಂದರು.

"ಸರೋಜಾ, ಈ ಬೇಸಿಗೇಲಿ ನಿಂಗೆ ಎಂತ ಕೆಲಸ ಇದೆ?"

"ಮದುವೆ ಕಾಲ ಅಲ್ವಾ ಮೇಷ್ಟ್ರೇ. ರವಿಕೆ ರಾಶಿ ಬಿದ್ದದೆ."

"ನಂದೂ ಒಂದು ಹೊಲಿಯದು ಇತ್ತು. ಅಳತೆ ಸ್ವಲ್ಪ ದೊಡ್ಡದು."

ಆ ವಿಮಾನದ ರೆಕ್ಕೆ ತಗಡಿನದಲ್ಲ ಎಂದು ನಮಗೆ ಗೊತ್ತಾದದ್ದೇ ಆಗ. ಒಳಗೆ ಮರದ ಪಕ್ಕೆಲುಬು, ಮೇಲೆ ಬರೀ ಬಟ್ಟೆ. ದಿಂಬಿಗೆ ಗವುಸು ಹಾಕಿದ ಹಾಗೆ ಹೊದಿಸಿ, ಪಕ್ಕೆಲುಬಿಗೆ ಸೇರಿಸಿ ಹೊಲಿದು, ಮೇಲೆ ಒಂದು ಥರದ ವಾರ್ನಿಷನ್ನು ನಾಲ್ಕಾರು ಸಲ ಬಳಿಯಬೇಕು. ಆಗ ಅದು ಚಂಡೆಯ ಚರ್ಮದಂತೆ ಬಿಗಿಯುತ್ತದೆ. ಮಳೆಗಾಲದ ತೇವದಲ್ಲಿ ಮಾತ್ರ ಆ ವಾರ್ನಿಷು ಬೆಳ್ಳಗಾಗಿ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ಮಳೆ ಹಿಡಿಯುವುದರೊಳಗೆ ಎಲ್ಲ ಮುಗಿಯಬೇಕು. ಅಷ್ಟರಲ್ಲಿ ವಿಮಾನ ಇಲಾಖೆಯ ಇನ್ಸ್‌ಪೆಕ್ಟರು ಒಮ್ಮೆ ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ಮತ್ತೆ ಮುಂದಿನ ಬೇಸಿಗೆಯೇ.

"ಬಪ್ಪ ವರ್ಷ ಈ ಕಣ್ಣಿಗೆ ಲೈಸೆನ್ಸ್ ಸಿಕ್ತಿಲ್ಲೆ ಸರೋಜಾ," ಎಂದು ಮೇಷ್ಟ್ರು ಮನೆಮಾತಿನಲ್ಲೇ ಹೇಳಿಬಿಟ್ಟರು. ಆಮೇಲೆ ನಮ್ಮ ಮಾತಿಗೆ ಬಂದರು. "ಹಾರ್ಸೋ ಲೈಸೆನ್ಸು ಈ ವರ್ಷವೇ ಕೊನೆ, ಮುಂದಿನ ವರ್ಷ ಇಲ್ಲ ಅಂದಿದಾರೆ ಡಾಕ್ಟ್ರು. ಅದನ್ನ ಒಂದ್ಸಲ ಹಾರಿಸಿಬಿಟ್ರೆ ಸಾಕು ನಂಗೆ."

ಅಮ್ಮ ಮೆಷಿನ್ ನಿಲ್ಲಿಸಿದಳು. ಗಿರಾಕಿ ಕೂತಿರುವಾಗ ಅವಳು ಮೆಷಿನ್ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸುದ್ದಿ ಹಾಲಿನ ಡೇರಿಗೆ ತಲುಪಿತು. "ಲಂಗ ಹೊಲಿಯೋಳು ಇನ್ಮೇಲೆ ವಿಮಾನ ಹೊಲಿತಾಳಂತೆ" ಎಂದು ಹೆಂಗಸರು ಮೂಗು ಮುರಿದರು. ನನಗೆ ಅಳು ಬಂತು. ಅಮ್ಮ ಮಾತ್ರ, "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ನಡಿ" ಎಂದು ಕತ್ತರಿ ಎತ್ತಿಕೊಂಡು ಗಿರಣಿಗೆ ಹೊರಟಳು.

ಬಟ್ಟೆ ಕಲ್ಕತ್ತದಿಂದ ಬಂದಿತ್ತು, ಎರಡು ರೆಕ್ಕೆಗೆ ಸರಿಯಾಗುವಷ್ಟೇ; ಕೆಡಿಸಿದರೆ ಬದಲಿಗೆ ಇನ್ನೊಂದಿಲ್ಲ. ಅಮ್ಮ ಅದನ್ನು ಎರಡು ದೊಡ್ಡ ಗವುಸು ಮಾಡಿ ಹೊಲಿದಳು. ಬಲಗಡೆಯ ರೆಕ್ಕೆಗೆ ತೊಡಿಸುವ ಮುಂಚೆ, ಮನೆಯಿಂದ ಎಲೆಯಲ್ಲಿ ಕಟ್ಟಿ ತಂದಿದ್ದ ಅರಿಶಿನವನ್ನು ಬಟ್ಟೆಯ ಒಂದು ಮೂಲೆಗೆ ಬೆರಳಿನಿಂದ ಹಚ್ಚಿದಳು. ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಯಾರಾದರೂ ಮೈಗೆ ಹಾಕುತ್ತಾರೆಯೇ? ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರೂ ಕೈ ಮುಗಿದರು.

ಪಕ್ಕೆಲುಬಿಗೆ ಸೇರಿಸಿ ಹೊಲಿಯುವುದು ಒಬ್ಬರ ಕೆಲಸವಲ್ಲ. ರೆಕ್ಕೆಯನ್ನು ಗೋಡೆಯ ಹಾಗೆ ನಿಲ್ಲಿಸಿ ಈ ಕಡೆ ಒಬ್ಬರು, ಆ ಕಡೆ ಒಬ್ಬರು ನಿಲ್ಲಬೇಕು. ಇವರು ಚುಚ್ಚಿದ ಸೂಜಿಯನ್ನು ಅವರು ಎಳೆದು, ಪಕ್ಕೆಲುಬಿನ ಇನ್ನೊಂದು ಮಗ್ಗುಲಿಗೆ ಮತ್ತೆ ಚುಚ್ಚಿ ವಾಪಸ್ಸು ಕಳಿಸಬೇಕು. ಅಷ್ಟುದ್ದದ ಸೂಜಿಯೂ ಪೇಟೆಯಲ್ಲಿ ಸಿಗದೆ, ಅಪ್ಪ ಸೈಕಲ್ಲಿನ ಕಡ್ಡಿಯನ್ನು ಮಸೆದು, ತುದಿ ತಟ್ಟಿ ಕಣ್ಣು ಕೊರೆದು ತಂದುಕೊಟ್ಟಿದ್ದ. ಮೊದಲು ಆ ಕಡೆ ನಿಂತವರು ಮೇಷ್ಟ್ರು. ಅವರು ದಾರವನ್ನು ಒಮ್ಮೆ ಸಡಿಲ ಬಿಡುತ್ತಿದ್ದರು, ಒಮ್ಮೆ ಬಾವಿಹಗ್ಗದಂತೆ ಜಗ್ಗುತ್ತಿದ್ದರು. ಅಮ್ಮ ಒಂದು ಹೊತ್ತು ಸಹಿಸಿಕೊಂಡಳು.

"ಮೇಷ್ಟ್ರೇ, ನೀವು ಹಾರ್ಸೋಕೆ ಲಾಯಕ್ಕು. ಇದಕ್ಕೆ ನನ್ ಮಗಳು ಬರ್ಲಿ."

ಹೀಗೆ ನಾನು ರೆಕ್ಕೆಯ ಆಚೆ ಕಡೆಯವಳಾದೆ. ಹೊಲಿಗೆಗೆ ಮುಂಚೆಯೇ ಒಂದು ಕೈ ವಾರ್ನಿಷು ಬಳಿದಿದ್ದ ಬಟ್ಟೆಯ ಮೇಲೆ ಅಮ್ಮನ ನೆರಳು ಮಾತ್ರ ಕಾಣುತ್ತಿತ್ತು.

"ಬಂತಾ?"

"ಬಂತು."

"ಎಳಿ. ಜಗ್ಗಬ್ಯಾಡ, ಎಳಿ. ಹಾಂ, ಕಳಿಸು."

ಪ್ರತಿ ಹೊಲಿಗೆಗೂ ಅದರದ್ದೇ ಗಂಟು. ಒಂದು ಹರಿದರೂ ಪಕ್ಕದ್ದು ಸಡಿಲವಾಗಕೂಡದು ಎಂದು ಮೇಷ್ಟ್ರು ಹೇಳಿಕೊಟ್ಟ ಗಂಟಿಗೆ ಅಮ್ಮ ತನ್ನದೂ ಒಂದು ಸುತ್ತು ಸೇರಿಸಿದ್ದಳು. ಮೇಣ ಉಜ್ಜಿದ ದಾರ ನನ್ನ ಬೆರಳ ಸಂದನ್ನು ಕೊಯ್ದು, ಮಧ್ಯಾಹ್ನ ಗಂಜಿಗೆ ಮಾವಿನಮಿಡಿ ಮುಟ್ಟಿದರೆ ಪ್ರಾಣ ಹೋಗುವಷ್ಟು ಉರಿಯುತ್ತಿತ್ತು. ವಾರ್ನಿಷಿಗೆ ಕಳಿತ ಬಾಳೆಹಣ್ಣಿನ ವಾಸನೆ. ಅದು ಗಿರಣಿಯ ಹಳೇ ತೌಡಿನ ವಾಸನೆಯ ಜೊತೆ ಸೇರಿ ನಮ್ಮ ಕೂದಲಿಗೂ ಬಟ್ಟೆಗೂ ಹತ್ತಿಕೊಂಡಿತ್ತು. ಹೊರಗೆ ಗೆಳತಿಯರು ಲಗೋರಿ ಆಡಲು ಕರೆದರೆ, "ನಂಗೆ ವಿಮಾನದ ಕೆಲ್ಸ ಇದೆ ಕಣ್ರೇ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೆ. ಅಷ್ಟು ಸುಖ ನಾನು ಯಾವ ಆಟದಲ್ಲೂ ಪಟ್ಟಿಲ್ಲ.

ಎಡವಿದ್ದು ಕೊನೆಯಲ್ಲಿ. ಅರಿಶಿನದ ಬೊಟ್ಟನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ವಾರ್ನಿಷು ಮರೆತಿರಲಿಲ್ಲ. ಒಂದೊಂದು ಸಲ ಬಳಿದಾಗಲೂ ಅದು ಅರಿಶಿನವನ್ನು ಕರಗಿಸಿಕೊಂಡು ಹರಡುತ್ತಾ ಹೋಗಿ, ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ನೋಡಿದರೆ ಬಿಳೀ ರೆಕ್ಕೆಯ ಮೇಲೆ ಅಂಗೈ ಅಗಲದ ಹಳದಿ ಕಲೆ. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಹಿಂದೆ ಅಕ್ಕಿ ಮೂಟೆ ಇಳಿಸುತ್ತಿದ್ದ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಮೇಲಿಂದ ಬಣ್ಣ ಹೊಡೆದ್ರೆ ಕಾಣದಿಲ್ಲ," ಎಂದರು. ಅವರ ದನಿಯಲ್ಲಿ ಅವರಿಗೇ ನಂಬಿಕೆಯಿರಲಿಲ್ಲ.

"ನಾ ಏನು ಕದ್ದು ಹಚ್ಚಿದ್ನಾ ಮೇಷ್ಟ್ರೇ? ಕೇಳಿದ್ರೆ ಹೇಳ್ತೀನಿ," ಎಂದಳು ಅಮ್ಮ. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಇನ್ಸ್‌ಪೆಕ್ಟರು ಎತ್ತರದ, ಹೆಚ್ಚು ಮಾತಾಡದ ಮನುಷ್ಯ. ರೆಕ್ಕೆಯನ್ನು ಬೆರಳಿನಿಂದ ತಟ್ಟುತ್ತಾ, ಹೊಲಿಗೆಯನ್ನು ಉಗುರಿನಿಂದ ಕೆದಕುತ್ತಾ ಬಂದವರು ಕಲೆಯ ಹತ್ತಿರ ನಿಂತರು.

"ಇದೇನು?"

"ಅರಿಶಿನ ಸಾರ್. ನಾನೇ ಹಚ್ಚಿದ್ದು. ಹೊಸ ಬಟ್ಟೆ ಅಂತ."

ನಗುತ್ತಾರೆ ಅಂದುಕೊಂಡೆ. ಅವರು ನಗಲಿಲ್ಲ. "ನಮ್ಮನೇಲೂ ಹಚ್ತಾರಮ್ಮ. ಆದ್ರೆ ಇದು ಸೀರೆ ಅಲ್ಲ. ಮೇಲೆ ಹೋದಾಗ ಇಬ್ಬರ ಜೀವ ಈ ಬಟ್ಟೆ ಮೇಲಿರುತ್ತೆ. ಅರಿಶಿನ ಬಟ್ಟೆನ ತಿಂದಿಲ್ಲ ಅಂತ ನಂಗೆ ಗೊತ್ತಾಗ್ಬೇಕು."

ಚೀಲದಿಂದ ಚೂರಿ ತೆಗೆದು, ಕಲೆಯ ನಡುವಿನಿಂದಲೇ ಬೆರಳಗಲದ ಪಟ್ಟಿಯೊಂದನ್ನು ಕೊಯ್ದರು. ಬೇಸಿಗೆಯೆಲ್ಲ ನಾವು ಉಸಿರು ಬಿಗಿಹಿಡಿದು ಮಾಡಿದ ರೆಕ್ಕೆಗೆ ನಮ್ಮ ಕಣ್ಣೆದುರೇ ತೂತು ಬಿತ್ತು. ಅಮ್ಮ ನನ್ನ ಭುಜ ಹಿಡಿದುಕೊಂಡಳು, ನೋಯುವ ಹಾಗೆ. ಪಟ್ಟಿಯ ಒಂದು ತುದಿಯನ್ನು ಗಿರಣಿಯ ತೊಲೆಗೆ ಬಿಗಿದು, ಇನ್ನೊಂದು ತುದಿಗೆ ಕೊಕ್ಕೆ ಹಾಕಿ ಅಕ್ಕಿ ತೂಗುತ್ತಿದ್ದ ಕಬ್ಬಿಣದ ಬಟ್ಟುಗಳನ್ನು ಒಂದೊಂದಾಗಿ ನೇತು ಹಾಕತೊಡಗಿದರು. ಬಟ್ಟೆ ಎಳೆದುಕೊಂಡು ಕಿರ್ರೆಂದಿತು. ಮೇಷ್ಟ್ರು ಆ ಕಡೆ ನೋಡದೆ ಬಾಗಿಲಿನ ಹೊರಗೆ ನೋಡುತ್ತಾ ನಿಂತಿದ್ದರು.

"ಇಷ್ಟು ತಡೆದ್ರೆ ನಿಯಮಕ್ಕೆ ಸಾಕು," ಎಂದರು ಇನ್ಸ್‌ಪೆಕ್ಟರು, ಕೈ ಒರೆಸಿಕೊಳ್ಳುತ್ತಾ.

"ಇನ್ನೊಂದು ಹಾಕಿ ಸಾರ್," ಎಂದಳು ಅಮ್ಮ.

ಅವರು ಅಮ್ಮನ ಮುಖ ನೋಡಿದರು. ಇನ್ನೊಂದು ಬಟ್ಟು ಹಾಕಿದರು. ಪಟ್ಟಿ ಹರಿಯಲಿಲ್ಲ.

ಆಮೇಲೆ ತೂತಿಗೆ ತೇಪೆ ಹಾಕಬೇಕಾಯಿತು. ಗವುಸು ಕತ್ತರಿಸುವಾಗ ಉಳಿದಿದ್ದ ಚೂರನ್ನು ಇಟ್ಟು ಅಮ್ಮ ಅವರೆದುರೇ ಕುಳಿತು ಅಂಚು ಕೂಡಿಸಿ ಹೊಲಿದಳು. ಇನ್ಸ್‌ಪೆಕ್ಟರು ಬಗ್ಗಿ ನೋಡುತ್ತಿದ್ದವರು ಕೇಳಿದರು, "ಇದಕ್ಕೂ ಹಚ್ಚೋದುಂಟಾ?"

"ತೇಪೆಗೆ ಯಾರೂ ಅರಿಶಿನ ಹಚ್ಚಲ್ಲ ಸಾರ್."

ಆಗ ಆ ಮನುಷ್ಯ ನಕ್ಕರು ನೋಡಿ, ಗಿರಣಿಯ ತೊಲೆಯಲ್ಲಿದ್ದ ಪಾರಿವಾಳಗಳೆಲ್ಲ ಹಾರಿ ಹೋದವು. ರುಜು ಹಾಕಿದ ಕಾಗದ ಮೇಷ್ಟ್ರ ಕೈ ಸೇರಿತು. ಮೂರು ದಿನ ಬಿಟ್ಟು ಮಳೆ ಹಿಡಿಯಿತು.

ದಸರೆ ಕಳೆದ ಮೇಲೆ ವಿಮಾನ ಲಾರಿಯಲ್ಲಿ ಬಯಲುಸೀಮೆಯ ಒಂದು ನಿಲ್ದಾಣಕ್ಕೆ ಹೋಯಿತು. ಅಲ್ಲಿ ಜೋಡಿಸಿ, ಪರೀಕ್ಷೆಗಳನ್ನೆಲ್ಲ ಮುಗಿಸಿ, ಒಂದು ಬೆಳಿಗ್ಗೆ ಮೇಷ್ಟ್ರು ಅದನ್ನು ಹಾರಿಸಿಕೊಂಡು ಊರ ಮೇಲೆ ಬಂದರು. ಅಮ್ಮ ಒಬ್ಬಳಿಗೆ ರವಿಕೆಯ ಅಳತೆ ತೆಗೆಯುತ್ತಿದ್ದಳು. ಸದ್ದು ಕೇಳಿ ಟೇಪು ಕೊರಳಲ್ಲಿ ಇರುವಾಗಲೇ ರಸ್ತೆಗೆ ಓಡಿದಳು. ಬೀದಿಗೆ ಬೀದಿಯೇ ಹೊರಗಿತ್ತು. ವಿಮಾನ ಬಸ್‌ಸ್ಟ್ಯಾಂಡಿನ ಮೇಲೆ ಒಂದು ಸುತ್ತು ಹೊಡೆದು, ನಮ್ಮ ಮನೆಯ ನೇರಕ್ಕೆ ಬಂದು ರೆಕ್ಕೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗಿಸಿತು. ಅಳತೆ ಕೊಡಲು ಬಂದಿದ್ದವಳು ಡೇರಿಯಲ್ಲಿ ಮೂಗು ಮುರಿದ ಹೆಂಗಸರಲ್ಲೇ ಒಬ್ಬಳು.

"ಸರೋಜಕ್ಕಾ, ಅದು ನೀನು ಹೊಲ್ದಿದ್ದಾ?"

"ನಾನೊಬ್ಳೇ ಅಲ್ಲ. ಆ ಕಡೆ ಇವ್ಳಿದ್ಲು," ಎಂದು ಅಮ್ಮ ನನ್ನ ತಲೆ ಮೇಲೆ ಕೈ ಇಟ್ಟಳು.

ಆಮೇಲೆ ನನಗೆ ರ‍್ಯಾಂಕು ಬಂತು, ಕೆಲಸ ಸಿಕ್ಕಿತು, ಸನ್ಮಾನಗಳೂ ಆದವು. ಆ ಕೈಯ ಭಾರಕ್ಕೆ ಯಾವುದೂ ಸಮ ಬರಲಿಲ್ಲ.

ಮೇಷ್ಟ್ರು ಆ ವರ್ಷ ಮಾತ್ರ ಹಾರಿದರು. ಅವರು ತೀರಿಕೊಂಡ ಮೇಲೆ ವಿಮಾನ ಹಳೇ ವಿಮಾನಗಳ ಹುಚ್ಚಿರುವ ಬೇರೆ ಯಾರದೋ ಪಾಲಾಯಿತು. ಗಿರಣಿಯ ಜಾಗದಲ್ಲಿ ಈಗ ಕಲ್ಯಾಣಮಂಟಪವಿದೆ. ಹೋದ ವರ್ಷ ಕೆಲಸದ ಮೇಲೆ ಹೋದ ಊರಿನಲ್ಲೇ ಆ ವಿಮಾನ ಇದೆ ಎಂದು ತಿಳಿದು ನೋಡಲು ಹೋದೆ. ಅದನ್ನು ನೋಡಿಕೊಳ್ಳುವ ಹುಡುಗ ಒಳ್ಳೆಯವನು, ಕೆಲಸ ಬಲ್ಲವನು. ಹಳೇ ಬಟ್ಟೆಯ ಆಯಸ್ಸು ಮುಗಿದಿತ್ತಂತೆ. ಈಗ ಹೊದಿಸಿರುವುದು ಪಾಲಿಯೆಸ್ಟರು; ಗೋಂದಿನಲ್ಲಿ ಅಂಟಿಸಿ, ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಬಿಗಿಯುತ್ತದೆ, ಒಬ್ಬನೇ ಮಾಡಬಹುದು ಎಂದು ವಿವರಿಸಿದ. ನುಣ್ಣಗಿತ್ತು, ಚೆನ್ನಾಗಿತ್ತು. ನಾನು ಮಾತ್ರ ಆ ರೆಕ್ಕೆಯ ಮೇಲೆ ಬೆರಳಾಡಿಸಿ ಗಂಟು ಹುಡುಕಿದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಈಗ ಅವಳ ಕಣ್ಣಿಗೆ ಸೂಜಿಗೆ ದಾರ ಪೋಣಿಸುವಷ್ಟು ಬೆಳಕಿಲ್ಲ. ನನ್ನ ಅಡುಗೆಮನೆಯಲ್ಲಿ ಕುಳಿತು ಅವರೆಕಾಳು ಬಿಡಿಸುತ್ತಿದ್ದಳು.

"ಹಳೇ ಬಟ್ಟೆ ಏನ್ ಮಾಡಿದ್ರಂತೆ?"

"ತೆಗ್ದು ಬಿಸಾಕಿದ್ರಂತೆ."

ಅವಳು ಇನ್ನೊಂದು ಕಾಯಿ ಸುಲಿದಳು. "ನಮ್ಮ ಹೊಲಿಗೆ?"

"ಬಿಚ್ಚೋಕೆ ನೋಡಿದ್ರಂತೆ. ಒಂದು ಗಂಟೂ ಬಿಚ್ಚಲಿಲ್ವಂತೆ. ಕೊನೆಗೆ ಬ್ಲೇಡು ತಂದು ಒಂದೊಂದನ್ನೇ ಕೊಯ್ದ್ರಂತೆ."

"ಹಂಗಾರೆ ಸರಿ," ಎಂದಳು ಅಮ್ಮ.